ಗೇಟಿನ ಮುಂದಿನ ರಸ್ತೆ: ಹೊಸ ಬಡಾವಣೆ, ಕಟ್ಟಡಗಳಿಗೆ ಬೇಕಾದ ರಸ್ತೆ ಕಾಮಗಾರಿಗೆ ಅನುಮತಿ ಪಡೆಯುವುದು ಹೇಗೆ?

ಕಟ್ಟಡದ ನಕ್ಷೆ ಮಂಜೂರಾಯಿತು, ಇನ್ನೇನು ಗೇಟಿನ ಮುಂದೆ ಅಗೆಯಬಹುದು ಎಂದು ಜೆಸಿಬಿ ತರಿಸಿ, ಅರ್ಧ ದಿನದಲ್ಲೇ ಕೆಲಸ ನಿಲ್ಲಿಸಿಕೊಂಡವರನ್ನು ನಾನು ಹಲವು ಸಲ ನೋಡಿದ್ದೇನೆ. ನಕ್ಷೆಗೆ ಸಹಿ ಹಾಕುವವರು ಬೇರೆ, ರಸ್ತೆಯನ್ನು ಕಾಯುವವರು ಬೇರೆ. ಜಮೀನಿನಲ್ಲಿ ಏನು ಕಟ್ಟಬಹುದು ಎಂಬುದು ಯೋಜನಾ ಪ್ರಾಧಿಕಾರದ ಪ್ರಶ್ನೆ. ಆ ಜಮೀನಿಗೆ ಹೋಗಿಬರಲು ಸಾರ್ವಜನಿಕ ರಸ್ತೆಯನ್ನು ಎಲ್ಲಿ, ಎಷ್ಟು, ಹೇಗೆ ಬದಲಿಸಬಹುದು ಎಂಬುದು ರಸ್ತೆ ಪ್ರಾಧಿಕಾರದ ಪ್ರಶ್ನೆ. ಹೊಸ ಪ್ರವೇಶ ದಾರಿ, ತಿರುಗುವವರಿಗೆ ಪ್ರತ್ಯೇಕ ಲೇನ್, ಫುಟ್‌ಪಾತ್ ಸರಿಸುವುದು, ಸಿಗ್ನಲ್, ಚರಂಡಿಯ ಮೇಲೊಂದು ಮೋರಿ, ಎಲ್ಲಕ್ಕೂ ಎರಡನೆಯವರ ಒಪ್ಪಿಗೆ ಬೇಕು.

ಈ ಒಪ್ಪಿಗೆಗೆ ಒಂದೊಂದು ದೇಶದಲ್ಲಿ ಒಂದೊಂದು ಹೆಸರು. ಇಂಗ್ಲೆಂಡಿನಲ್ಲಿ 1980ರ ಹೈವೇಸ್ ಆ್ಯಕ್ಟ್‌ನ 278ನೇ ಸೆಕ್ಷನ್ ಪ್ರಕಾರ ಕರಾರು ಮಾಡಿಕೊಳ್ಳುತ್ತಾರೆ. ಭಾರತದ ರಾಷ್ಟ್ರೀಯ ಹೆದ್ದಾರಿಯಾದರೆ 2002ರ ಹೆದ್ದಾರಿ ನಿಯಂತ್ರಣ ಕಾಯ್ದೆಯಡಿ ಹೆದ್ದಾರಿ ಆಡಳಿತದ ಅನುಮತಿ ಇಲ್ಲದೆ ಪಕ್ಕದ ಜಮೀನಿನಿಂದ ದಾರಿ ತೆಗೆಯುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅದು ಎನ್‌ಕ್ರೋಚ್‌ಮೆಂಟ್ ಪರ್ಮಿಟ್, ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 2004ರ ರೋಡ್ ಮ್ಯಾನೇಜ್‌ಮೆಂಟ್ ಆ್ಯಕ್ಟ್ ಅಡಿಯ ಸಮ್ಮತಿ. ಹೆಸರು ಬೇರೆ, ಹೂರಣ ಒಂದೇ.

ಆ ಹೂರಣ ಇಷ್ಟು: ನಿಮ್ಮ ಕಡತ ತೆರೆದ ಎಂಜಿನಿಯರ್ ನಿಮ್ಮ ಕಟ್ಟಡವನ್ನು ನೋಡುತ್ತಿಲ್ಲ. ಇವರು ಕಟ್ಟಿ, ಮಾರಿ, ಹೊರಟುಹೋದ ಮೇಲೆ ಈ ತಿರುವು, ಈ ಮೋರಿ, ಈ ದೀಪದ ಕಂಬ ನನ್ನ ತಲೆಗೆ ಬರುತ್ತದಲ್ಲ, ಆಗ ಏನಾಗುತ್ತದೆ ಎಂದು ನೋಡುತ್ತಿದ್ದಾರೆ. ಅರ್ಜಿಯ ಪ್ರತಿ ಹಾಳೆಯೂ ಆ ಚಿಂತೆಗೆ ಉತ್ತರ ಕೊಡುವಂತಿದ್ದರೆ ಕಡತ ಓಡುತ್ತದೆ, ಇಲ್ಲದಿದ್ದರೆ ಕುಂಟುತ್ತದೆ.

ಹಂತ 1: ರಸ್ತೆ ಎಲ್ಲಿ ಮುಗಿಯುತ್ತದೆ, ಜಮೀನು ಎಲ್ಲಿ ಶುರುವಾಗುತ್ತದೆ

ಬೇಲಿ ಇದ್ದಲ್ಲಿ ಗಡಿ ಇದೆ ಎಂದು ನಂಬಬೇಡಿ. ಡಾಂಬರಿನ ಅಂಚು ರಸ್ತೆಯ ಗಡಿಯಲ್ಲ. ಸಾರ್ವಜನಿಕ ರಸ್ತೆಯ ಜಾಗ ಅದರಾಚೆ ಹುಲ್ಲುಪಟ್ಟಿ, ಚರಂಡಿಯವರೆಗೂ ಇರಬಹುದು, ಕೆಲವೊಮ್ಮೆ ನಿಮ್ಮ ಕಾಂಪೌಂಡಿನ ಒಳಗೂ. ಪ್ರಾಧಿಕಾರದಿಂದ ರಸ್ತೆಯ ಗಡಿ ನಕ್ಷೆ ಪಡೆದು, ನಿಮ್ಮ ಹಕ್ಕುಪತ್ರದ ನಕ್ಷೆಯನ್ನು ಅದರ ಮೇಲಿಟ್ಟು ನೋಡಿ. ಎರಡು ಗೆರೆಗಳು ಒಂದನ್ನೊಂದು ಮುಟ್ಟಲೇಬೇಕು.

ನಡುವೆ ಒಂದು ಅಡಿ ಜಾಗ ಉಳಿದರೂ ಕಥೆ ಬೇರೆಯಾಗುತ್ತದೆ. ಆ ಸಣ್ಣ ಪಟ್ಟಿ ಮೂರನೆಯವರದಾಗಿದ್ದರೆ ಅವರ ಒಪ್ಪಿಗೆಯಿಲ್ಲದೆ ನಿಮಗೆ ದಾರಿಯಿಲ್ಲ, ಬೆಲೆ ಹೇಳುವವರೂ ಅವರೇ. ಇಂಗ್ಲೆಂಡಿನ 1961ರ ಸ್ಟೋಕ್ಸ್ ವಿರುದ್ಧ ಕೇಂಬ್ರಿಜ್ ಕಾರ್ಪೊರೇಶನ್ ಪ್ರಕರಣದಲ್ಲಿ ಇಂಥ ದಾರಿಯ ಜಾಗಕ್ಕೆ, ಅದರಿಂದಾಗಿ ಜಮೀನಿನ ಮೌಲ್ಯ ಎಷ್ಟು ಏರುತ್ತದೋ ಅದರ ಮೂರನೇ ಒಂದು ಭಾಗವನ್ನು ಲೆಕ್ಕ ಹಿಡಿದರು. ಅಲ್ಲಿ ಇವತ್ತಿಗೂ ಚೌಕಾಸಿ ಶುರುವಾಗುವುದು ಆ ಅಂಕಿಯಿಂದಲೇ. ಜಮೀನು ಕೊಳ್ಳುವ ಮುಂಚೆ ಒಂದು ದಿನ ಕೊಟ್ಟು ನೋಡಬೇಕಾದ ಸಂಗತಿ ಇದು.

ಹಂತ 2: ಕಟ್ಟಡಕ್ಕಿಂತ ಮೊದಲು ಗೇಟ್

ಕಟ್ಟಡವನ್ನು ಕೂರಿಸಿ, ಉಳಿದ ಮೂಲೆಯಲ್ಲಿ ಗೇಟ್ ಇಡುವುದು ರೂಢಿ. ರಸ್ತೆಯ ಕಡೆಯಿಂದ ನೋಡಿದರೆ ಇದು ಪೂರ್ತಿ ತಲೆಕೆಳಗು. ಗೇಟಿಗೆ ಒಳ್ಳೆಯ ಜಾಗ ಇಡೀ ಮುಂಭಾಗದಲ್ಲಿ ಒಂದೋ ಎರಡೋ ಇರುತ್ತದೆ. ಅದು ಗೊತ್ತಾದ ಮೇಲೆ ಕಟ್ಟಡ ಕೂರಲಿ.

ಮೊದಲ ಪರೀಕ್ಷೆ ನೋಟದ್ದು. ಹೊರಬರುವ ಚಾಲಕನಿಗೆ ಬರುತ್ತಿರುವ ವಾಹನ ಕಾಣಬೇಕು. ಬರುತ್ತಿರುವವನಿಗೆ ನಿಲ್ಲಿಸಲು ಜಾಗ ಇರಬೇಕು. ಲೆಕ್ಕ ಸರಳವಾದದ್ದು. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಹೆಚ್ಚುಕಡಿಮೆ 16.7 ಮೀಟರ್. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಎರಡೂವರೆ ಸೆಕೆಂಡು ಹಿಡಿಯುತ್ತಾರೆ, ಅಷ್ಟರಲ್ಲಿ ಗಾಡಿ 42 ಮೀಟರ್ ಮುಂದೆ ಬಂದಿರುತ್ತದೆ. ಅಮೆರಿಕದ ಮಾನದಂಡದಂತೆ ಪ್ರತಿ ಸೆಕೆಂಡು ಕಳೆದಂತೆ ವೇಗ ಸೆಕೆಂಡಿಗೆ 3.4 ಮೀಟರಿನಷ್ಟು ಇಳಿಯುತ್ತದೆ ಎಂದುಕೊಂಡರೆ ನಿಲ್ಲಲು ಇನ್ನೂ 41 ಮೀಟರ್. ಒಟ್ಟು 83, ಅದನ್ನು 85 ಮಾಡುತ್ತಾರೆ. 80 ಕಿ.ಮೀ. ವೇಗಕ್ಕೆ ಇದೇ ಲೆಕ್ಕ 130 ಮೀಟರ್ ಆಗುತ್ತದೆ. ವೇಗ ಮೂರನೇ ಒಂದು ಪಾಲು ಏರಿದರೆ ದೂರ ಅರ್ಧಕ್ಕಿಂತ ಹೆಚ್ಚು ಏರುತ್ತದೆ. ಭಾರತದ ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಮಾನದಂಡದಲ್ಲಿ ಇವು 80 ಮತ್ತು 120. ನಿಮ್ಮ ಪ್ರಾಧಿಕಾರದ ಕೋಷ್ಟಕ ಯಾವುದೋ ಅದನ್ನೇ ಬಳಸಿ, ಬೇರೆ ದೇಶದ್ದನ್ನು ತಂದು ವಾದಿಸಬೇಡಿ.

ಯಾವ ವೇಗಕ್ಕೆ ಲೆಕ್ಕ ಹಾಕಬೇಕು? ಫಲಕದಲ್ಲಿ ಬರೆದ ವೇಗವೇ ಸಾಕು ಎನ್ನುವಂತಿಲ್ಲ. ಜನ ಓಡಿಸುವ ವೇಗವನ್ನೂ ಅಳೆಯಬೇಕು. 100 ವಾಹನಗಳಲ್ಲಿ 85 ವಾಹನಗಳು ಯಾವ ವೇಗವನ್ನು ಮೀರುವುದಿಲ್ಲವೋ ಅದನ್ನು ಎಂಜಿನಿಯರುಗಳು ಹಿಡಿಯುತ್ತಾರೆ. ರಸ್ತೆ ಖಾಲಿ ಇರುವ ಹೊತ್ತಿನಲ್ಲಿ ಅಳೆಯಿರಿ. ಗಿಜಿಗುಡುವಾಗ ಅಳೆದ ವೇಗ ಎಲ್ಲಿಯೂ ನಿಲ್ಲುವುದಿಲ್ಲ.

ಇಲ್ಲಿ ನಾನೇ ಎಡವಿದ್ದನ್ನು ಹೇಳಿಬಿಡುತ್ತೇನೆ. ವೃತ್ತಿಯ ಆರಂಭದಲ್ಲಿ ಒಂದು ಜಾಗಕ್ಕೆ ಹೋಗಿ, ಗೇಟ್ ಬರುವಲ್ಲಿ ನಿಂತು, ಎಡಕ್ಕೂ ಬಲಕ್ಕೂ ನೋಡಿ, ಚೆನ್ನಾಗಿ ಕಾಣುತ್ತದೆ ಎಂದು ವರದಿ ಬರೆದೆ. ತಪಾಸಣೆಗೆ ಬಂದ ಹಿರಿಯರು ಏನೂ ಮಾತಾಡದೆ ಅದೇ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತರು. ನನ್ನನ್ನೂ ಕೂರಿಸಿದರು. ಪಕ್ಕದವರ ಗೋಡೆ 1.2 ಮೀಟರ್ ಎತ್ತರ. ನಿಂತವನ ಕಣ್ಣಿಗೆ ಅದು ಅಡ್ಡಿಯೇ ಅಲ್ಲ, ಕಾರಿನಲ್ಲಿ ಕೂತವನಿಗೆ ಇಡೀ ರಸ್ತೆಯೇ ಮಾಯ! ಕಾರಿನ ಚಾಲಕನ ಕಣ್ಣಿನ ಎತ್ತರವನ್ನು ಇಂಗ್ಲೆಂಡಿನಲ್ಲಿ 1.05 ಮೀಟರ್, ಅಮೆರಿಕದಲ್ಲಿ 1.08, ಭಾರತದಲ್ಲಿ 1.2 ಎಂದು ಹಿಡಿಯುತ್ತಾರೆ. ಅಂದಿನಿಂದ ಆ ಎತ್ತರಕ್ಕೆ ಗುರುತು ಹಾಕಿದ ಕೋಲೊಂದು ನನ್ನ ಗಾಡಿಯಲ್ಲೇ ಇದೆ. ರಸ್ತೆಯ ಅಂಚಿನಿಂದ ಒಳಕ್ಕೆ ಅಳೆದು (ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 2.4 ಮೀಟರ್) ಅಲ್ಲಿ ಕೋಲು ನಿಲ್ಲಿಸಿ, ಗುರುತಿನ ಮಟ್ಟದಲ್ಲಿ ಕ್ಯಾಮೆರಾ ಹಿಡಿದು, ಎರಡೂ ಕಡೆ ಫೋಟೊ ತೆಗೆಯಿರಿ. ಆ ಫೋಟೊಗಳನ್ನು ಅರ್ಜಿಗೆ ಲಗತ್ತಿಸಿ.

ಕೋಲು ನಿಂತ ಬಿಂದುವಿನಿಂದ ರಸ್ತೆಯುದ್ದಕ್ಕೂ ಅಡ್ಡಿಯಿಲ್ಲದೆ ಕಾಣಬೇಕಾದ ಜಾಗ, ಅಂದರೆ ನೋಟದ ತ್ರಿಕೋನ, ಪೂರ್ತಿಯಾಗಿ ನಿಮ್ಮ ಜಮೀನು ಮತ್ತು ರಸ್ತೆಯ ಜಾಗದೊಳಗೇ ಇರಬೇಕು. ಪಕ್ಕದವರ ಹಿತ್ತಲ ಮೇಲೆ ಹಾದುಹೋದರೆ, ನಾಳೆ ಅವರು ಗೋಡೆ ಎಬ್ಬಿಸಿದಾಗ ನಿಮ್ಮ ಅನುಮತಿಗೆ ಆಧಾರವೇ ಇರುವುದಿಲ್ಲ.

ಎರಡನೆಯ ಪರೀಕ್ಷೆ: ಎದುರಿಗೆ ಅಡ್ಡರಸ್ತೆ ಇದೆಯೇ? ಮೂರು ದಾರಿ ಸೇರುವ ಕಡೆ ವಾಹನಗಳ ಪಥಗಳು ಪರಸ್ಪರ ಮುಟ್ಟುವ ಬಿಂದುಗಳು 9. ನಾಲ್ಕು ದಾರಿಯಾದರೆ 32. ಎದುರು ಬೀದಿಗೆ ನೇರವಾಗಿ ಗೇಟ್ ಇಟ್ಟರೆ ಚೆಂದ ಎನಿಸಬಹುದು, ಆದರೆ 9 ಇದ್ದದ್ದನ್ನು 32 ಮಾಡಿದಿರಿ ಎಂದು ಪ್ರಾಧಿಕಾರ ಓದುತ್ತದೆ. ಅದೇ ನಾಲ್ಕು ದಾರಿಗೆ ವೃತ್ತ ಮಾಡಿದರೆ 8ಕ್ಕೆ ಇಳಿಯುತ್ತದೆ, ಜಾಗ ಮಾತ್ರ ಬೇಕಾಗುತ್ತದೆ.

ಹಂತ 3: ಅರ್ಜಿಗೆ ಮುಂಚೆ ಒಂದು ಭೇಟಿ

ಒಂದೇ ಹಾಳೆಯ ಕಚ್ಚಾ ನಕ್ಷೆ ಹಿಡಿದು ಹೋಗಿ. ಪೂರ್ತಿ ವಿನ್ಯಾಸ ಮುಗಿಸಿಕೊಂಡು ಹೋದರೆ ಅವರ ಸಲಹೆ ನಿಮಗೆ ಖರ್ಚಾಗಿ ಕಾಣುತ್ತದೆ. ಕೇಳಬೇಕಾದದ್ದು: ಈ ರಸ್ತೆಗೆ ಅಗಲೀಕರಣದ ಯೋಜನೆ ಇದೆಯೇ, ಯಾವ ಮಾನದಂಡದ ಯಾವ ಆವೃತ್ತಿ ನಡೆಯುತ್ತದೆ, ಸಂಚಾರ ಅಧ್ಯಯನ ಬೇಕೇ, ಯಾವ ಜಂಕ್ಷನ್‌ಗಳವರೆಗೆ ಬೇಕು, ತಪಾಸಣೆ ಶುಲ್ಕದ ಲೆಕ್ಕ ಹೇಗೆ. ಮರಳಿ ಬಂದ ದಿನವೇ ಮಾತಾಡಿದ್ದನ್ನು ಬರೆದು ಅವರಿಗೆ ಕಳಿಸಿ. ಅಧಿಕಾರಿ ವರ್ಗವಾಗಿ ಹೋಗುತ್ತಾರೆ, ಪತ್ರ ಕಡತದಲ್ಲೇ ಉಳಿಯುತ್ತದೆ.

ಕಟ್ಟಡದ ಮಂಜೂರಾತಿ ಪತ್ರದ ಷರತ್ತುಗಳನ್ನೂ ಈಗಲೇ ಓದಿ. "ರಸ್ತೆ ಕಾಮಗಾರಿ ಮುಗಿಯುವ ಮುನ್ನ ಯಾವ ಮನೆಯಲ್ಲೂ ವಾಸ ಆರಂಭಿಸುವಂತಿಲ್ಲ" ಎಂಬ ಧಾಟಿಯ ಒಂದು ಸಾಲು ಎಲ್ಲೋ ಹಿಂದಿನ ಪುಟದಲ್ಲಿ ಅಡಗಿರುತ್ತದೆ. ಹಾಗಿದ್ದರೆ ಮನೆ ಕೊಂಡವರಿಗೆ ಬೀಗದ ಕೈ ಯಾವಾಗ ಕೊಡುತ್ತೀರಿ ಎಂಬುದು ರಸ್ತೆ ಕಡತದ ಕೈಯಲ್ಲಿದೆ. ನಿಮ್ಮ ಇಡೀ ವೇಳಾಪಟ್ಟಿಯನ್ನು ಅಲ್ಲಿಂದ ಹಿಂದಕ್ಕೆ ಎಣಿಸಿ.

ಹಂತ 4: ಸಂಚಾರ ಅಧ್ಯಯನ

ಈಗ ಎಷ್ಟು ವಾಹನ ಓಡುತ್ತಿವೆ, ನಿಮ್ಮಿಂದ ಎಷ್ಟು ಸೇರುತ್ತವೆ, ಕೆಲವು ವರ್ಷಗಳ ನಂತರ ಎಷ್ಟಾಗುತ್ತವೆ, ಜಂಕ್ಷನ್ ಅಷ್ಟನ್ನು ತಾಳಿಕೊಳ್ಳುತ್ತದೆಯೇ, ಇಷ್ಟೇ ಪ್ರಶ್ನೆ. ಬೆಳಿಗ್ಗೆ, ಸಂಜೆಯ ದಟ್ಟಣೆಯ ಗಂಟೆಗಳನ್ನು ಹಿಡಿಯುತ್ತಾರೆ. ಶಾಲೆಗೆ ರಜೆ ಇದ್ದ ವಾರದಲ್ಲಿ ಎಣಿಸಿದ ಲೆಕ್ಕವನ್ನು ಯಾರೂ ಒಪ್ಪುವುದಿಲ್ಲ. ಅಕ್ಕಪಕ್ಕ ಈಗಾಗಲೇ ಮಂಜೂರಾಗಿ ಇನ್ನೂ ಕಟ್ಟದ ಯೋಜನೆಗಳ ವಾಹನಗಳನ್ನೂ ಸೇರಿಸಬೇಕು. ಇದನ್ನು ಮರೆತ ವರದಿಗಳೇ ಹೆಚ್ಚಾಗಿ ವಾಪಸ್ ಬರುವುದು.

ಅಧ್ಯಯನ ಏನು ಬೇಡುತ್ತದೋ ಅದು ನಿಮ್ಮ ಯೋಜನೆಗೆ ಹೊಂದಬೇಕು. ಹತ್ತು ಮನೆಗಳ ಯೋಜನೆಗೆ ಸಿಗ್ನಲ್ ಜಂಕ್ಷನ್ ಕೇಳಿದರೆ ಅದು ಮೂಗಿಗಿಂತ ಮೂಗುತಿ ಭಾರ. ಆಗ ಅಂಕಿಗಳನ್ನು ಮುಂದಿಟ್ಟು, ಮರ್ಯಾದೆಯಿಂದಲೇ ಬೇಡ ಎನ್ನಬಹುದು.

ಹಂತ 5: ವಿವರವಾದ ನಕ್ಷೆಗಳು

ಕಡತ ಹೆಚ್ಚು ಕಾಲ ಕಳೆಯುವುದು ಇಲ್ಲಿಯೇ. ಬೇಕಾದ ಹಾಳೆಗಳು ಇವು: ಮಟ್ಟಗಳ ಸಮೇತ ಸರ್ವೆ, ಸಾಮಾನ್ಯ ವಿನ್ಯಾಸ, ಉದ್ದ ಮತ್ತು ಅಡ್ಡ ಸೀಳುನೋಟ, ಪದರಗಳ ವಿವರ, ಚರಂಡಿ, ದೀಪ, ಫಲಕ ಮತ್ತು ಗೆರೆಗಳು, ನೆಲದಡಿಯ ಸೇವೆಗಳು. ಇದಲ್ಲದೆ ದೊಡ್ಡ ಗಾಡಿಗಳು ತಿರುಗುವ ಪಥದ ಹಾಳೆಯೂ ಬೇಕು. ಕಸದ ಲಾರಿ, ಅಗ್ನಿಶಾಮಕ ವಾಹನ ಒಂದೇ ಸಲಕ್ಕೆ, ಎದುರು ಲೇನ್ ನುಂಗದೆ, ಒಳಗೆ ಹೋಗಿ ತಿರುಗಿ ಮುಂಮುಖವಾಗಿ ಹೊರಬರುತ್ತವೆ ಎಂದು ತೋರಿಸಿ. ರಿವರ್ಸ್‌ನಲ್ಲಿ ರಸ್ತೆಗೆ ಬರುವ ವಿನ್ಯಾಸ ಅಲ್ಲಿಗೇ ಬಿದ್ದುಹೋಗುತ್ತದೆ.

ಮೂರು ಕಡೆ ವಿಶೇಷ ಗಮನ ಕೊಡಿ.

ನೀರು: ನಿಮ್ಮ ಅಂಗಳದ ಒಂದು ಹನಿಯೂ ಸಾರ್ವಜನಿಕ ರಸ್ತೆಗೆ ಹರಿಯಬಾರದು. ಗಡಿಯಲ್ಲಿ ಜಾಲರಿ ಹಾಕಿದ ಅಡ್ಡ ಕಾಲುವೆ ಕೊಟ್ಟು, ಅದರ ನೀರನ್ನು ಒಳಗೇ ತಿರುಗಿಸಿ. ಹಾಗೆಯೇ ರಸ್ತೆಬದಿಯ ಹಳೆಯ ಚರಂಡಿಯ ಹರಿವು ನಿಮ್ಮ ಪ್ರವೇಶ ದಾರಿಯ ಕೆಳಗೆ ಕುಗ್ಗಬಾರದು. ಮೋರಿಯ ಪೈಪು ಕಟ್ಟಿಕೊಂಡರೆ ಯಾರು, ಯಾವ ಕಡೆಯಿಂದ ತೆಗೆಯುತ್ತಾರೆ ಎಂಬುದನ್ನೂ ನಕ್ಷೆಯಲ್ಲಿ ತೋರಿಸಿ. ನಾಳೆ ಅದನ್ನು ತೆಗೆಸಬೇಕಾದವರು ಪ್ರಾಧಿಕಾರದವರು.

ಪದರಗಳು: ನಿಮ್ಮ ಬಡಾವಣೆಗೆ ಕಾರುಗಳೇ ಹೆಚ್ಚು ಬರುತ್ತವೆ ಎಂದು ತೆಳ್ಳಗೆ ಹಾಕಿದರೆ ಒಪ್ಪುವುದಿಲ್ಲ. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ನಡೆದ ಆಶೋ (ಅಲ್ಲಿನ ರಾಜ್ಯಗಳ ಹೆದ್ದಾರಿ ಅಧಿಕಾರಿಗಳ ಸಂಘ) ರಸ್ತೆ ಪರೀಕ್ಷೆಯಿಂದ ಹೊರಬಂದ ಸೂತ್ರವೊಂದಿದೆ: ರಸ್ತೆಗೆ ಆಗುವ ಹಾನಿ ಆಕ್ಸಲ್ ಭಾರದ ಸುಮಾರು ನಾಲ್ಕನೇ ಘಾತದಷ್ಟು. ಭಾರ ಎರಡು ಪಟ್ಟಾದರೆ ಹಾನಿ 16 ಪಟ್ಟು. ರಸ್ತೆಯನ್ನು ತಿನ್ನುವುದು ಲಾರಿಗಳು, ಅದರಲ್ಲೂ ನಿಮ್ಮದೇ ಜಲ್ಲಿ, ಕಾಂಕ್ರೀಟ್ ಹೊತ್ತು ತರುವ ಲಾರಿಗಳು. ಹಾಗಾಗಿ ಕೆಲಸ ಶುರುವಾಗುವ ಮುಂಚೆ ಮುಂದಿನ ರಸ್ತೆಯನ್ನು ಇಂಚಿಂಚು ವಿಡಿಯೊ ಮಾಡಿ ಪ್ರಾಧಿಕಾರಕ್ಕೂ ಒಂದು ಪ್ರತಿ ಕೊಡಿ. ಹಳೆಯ ಗುಂಡಿಗಳ ಲೆಕ್ಕ ನಿಮ್ಮ ತಲೆಗೆ ಬರುವುದಿಲ್ಲ. ಮಣ್ಣು ಎಷ್ಟು ಭಾರ ತಾಳುತ್ತದೆ ಎಂದು ಹೇಳುವ ಸಿಬಿಆರ್ ಪರೀಕ್ಷೆಯ ಫಲಿತಾಂಶವನ್ನೂ ಜೊತೆಗಿಡಿ. ಹಳೆಯ ಡಾಂಬರಿಗೆ ಹೊಸದು ಕೂಡುವ ಕಡೆ ನೇರ ಸೀಳು ಬಿಡದೆ, ಪದರ ಪದರವಾಗಿ ಮೆಟ್ಟಿಲಿನಂತೆ ಕತ್ತರಿಸಿ ಕೂಡಿಸುವುದನ್ನು ಬಿಡಿಸಿ ತೋರಿಸಿ. ಮೊದಲು ಬಾಯಿ ಬಿಡುವುದು ಆ ಜಾಗವೇ.

ನೆಲದಡಿ: ನೀರು, ವಿದ್ಯುತ್, ಗ್ಯಾಸ್, ಕೇಬಲ್ ಸಂಸ್ಥೆಗಳು ಕೊಡುವ ನಕ್ಷೆಗಳು ಅಂದಾಜಿನವು. ಒಂದು ಕೆಲಸದಲ್ಲಿ ಅಂಚಿನಿಂದ ಒಂದು ಮೀಟರಿಗೂ ಆಚೆ ಇದೆ ಎಂದು ನಕ್ಷೆ ಹೇಳಿದ ಕೇಬಲ್, ಕೈಯಲ್ಲಿ ಗುಂಡಿ ತೋಡಿ ನೋಡಿದರೆ ಸರಿಯಾಗಿ ನಾವು ಕರ್ಬ್ ಕಲ್ಲು ಕೂರಿಸಬೇಕಿದ್ದ ಗೆರೆಯ ಕೆಳಗೇ ಮಲಗಿತ್ತು. ಯಂತ್ರ ಹಾಕಿದ್ದರೆ ಅಂದು ಯಾರ ಜೀವಕ್ಕೆ ಏನಾಗುತ್ತಿತ್ತೋ. ಸಂಶಯವಿದ್ದಲ್ಲೆಲ್ಲ ಕೈಗುಂಡಿ ತೋಡಿಸಿ, ಆಳ ಬರೆದುಕೊಳ್ಳಿ. ಸೇವೆಗಳನ್ನು ಸರಿಸುವುದು ಆಯಾ ಸಂಸ್ಥೆಯ ಕೆಲಸ, ಅವರ ಸರದಿ ಬರುವಾಗಲೇ ಬರುತ್ತದೆ. ರಸ್ತೆಯ ಅನುಮತಿಗೆ ಕಾಯದೆ, ವಿನ್ಯಾಸದ ಜೊತೆಜೊತೆಗೇ ಅವರಿಗೂ ಅರ್ಜಿ ಹಾಕಿ.

ಹಂತ 6: ಸುರಕ್ಷತಾ ಆಡಿಟ್

ಈ ವಿನ್ಯಾಸ ಎಲ್ಲಿ ಅಪಘಾತಕ್ಕೆ ದಾರಿಯಾಗಬಹುದು ಎಂದು ಹುಡುಕುವ ತಪಾಸಣೆ ಇದು. ವಿನ್ಯಾಸ ಮಾಡಿದವರನ್ನು ಬಿಟ್ಟು ಬೇರೆ ತಂಡ ಇದನ್ನು ಮಾಡಬೇಕು. ಬ್ರಿಟನ್ನಿನ ಪದ್ಧತಿಯಲ್ಲಿ ನಾಲ್ಕು ಘಟ್ಟ: ಪ್ರಾಥಮಿಕ ವಿನ್ಯಾಸಕ್ಕೆ ಒಂದು, ವಿವರ ವಿನ್ಯಾಸಕ್ಕೆ ಒಂದು, ಕಾಮಗಾರಿ ಮುಗಿದಾಗ ಒಂದು, ಬಳಕೆಗೆ ಬಿಟ್ಟ ಮೇಲೆ ಅಪಘಾತಗಳ ದಾಖಲೆ ನೋಡಿ ಕೊನೆಯದು. ಆಡಿಟರ್ ಎತ್ತಿದ ಪ್ರತಿ ಅಂಶಕ್ಕೂ ಒಪ್ಪಿದೆವು ಅಥವಾ ಇಂಥ ಕಾರಣಕ್ಕೆ ಒಪ್ಪಲಿಲ್ಲ ಎಂಬ ಉತ್ತರ ಲಿಖಿತವಾಗಿ ಇರಬೇಕು.

ಹಂತ 7: ಆಕ್ಷೇಪಣೆಗಳ ಪಟ್ಟಿ

ಮೊದಲ ಸಲ್ಲಿಕೆಗೆ ಹಾಗೆಯೇ ಒಪ್ಪಿಗೆ ಸಿಗುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ನಲವತ್ತು, ಐವತ್ತು ಟಿಪ್ಪಣಿ ಬರುವುದು ಮಾಮೂಲು. ಅವುಗಳನ್ನು ನಿಭಾಯಿಸುವ ರೀತಿಯಲ್ಲಿ ತಿಂಗಳುಗಟ್ಟಲೆ ಉಳಿಸಬಹುದು, ಕಳೆಯಲೂಬಹುದು.

ಒಂದು ಕೋಷ್ಟಕ ಮಾಡಿ: ಕ್ರಮಸಂಖ್ಯೆ, ಯಾವ ಹಾಳೆ, ಅವರ ಮಾತು, ನಿಮ್ಮ ಉತ್ತರ, ಬದಲಾವಣೆ ಆದ ಹಾಳೆಯ ಹೊಸ ಆವೃತ್ತಿ. ಅವರ ಮಾತನ್ನು ಅವರ ಪದಗಳಲ್ಲೇ ಬರೆಯಿರಿ. ಉತ್ತರದ ಕಾಲಮಿನಲ್ಲಿ "ಗಮನಿಸಲಾಗಿದೆ" ಎಂದು ಬರೆದರೆ ಅದು ಉತ್ತರವಲ್ಲ. "ಹಾಳೆ 104ರಲ್ಲಿ ಜಾಲರಿಯನ್ನು ಇಳಿಜಾರಿನ ತಗ್ಗಿನ ಬಿಂದುವಿಗೆ ಸರಿಸಿದ್ದೇವೆ, ಮಟ್ಟಗಳನ್ನು ಬರೆದಿದ್ದೇವೆ" ಎಂದರೆ ಉತ್ತರ. ನಕ್ಷೆಯಲ್ಲಿ ಬದಲಾದ ಜಾಗಕ್ಕೆ ಮೋಡದಂತಹ ಗೆರೆ ಸುತ್ತಿ ತೋರಿಸಿ. ಮತ್ತೊಂದು, ಇದು ಎಲ್ಲಕ್ಕಿಂತ ಮುಖ್ಯ: ಅವರು ಕೇಳದ ಬದಲಾವಣೆಯನ್ನು ಹೇಳದೆ ತೂರಿಸಬೇಡಿ. ಒಮ್ಮೆ ಸಿಕ್ಕಿಬಿದ್ದರೆ ಮುಂದಿನ ಪ್ರತಿ ಸಲ್ಲಿಕೆಯನ್ನೂ ಮೊದಲ ಹಾಳೆಯಿಂದ ಓದುತ್ತಾರೆ.

ಗಡುವಿನ ಬಗ್ಗೆಯೂ ಒಂದು ಮಾತು. ಕ್ಯಾಲಿಫೋರ್ನಿಯಾದ ಕಾನೂನು ಪ್ರಾಧಿಕಾರಕ್ಕೆ 60 ದಿನ ಕೊಡುತ್ತದೆ, ಆದರೆ ಎಣಿಕೆ ಶುರುವಾಗುವುದು ಅರ್ಜಿ ಪೂರ್ಣವಾದ ದಿನದಿಂದ. ಇಂಥ ನಿಯಮ ಇರುವಲ್ಲೆಲ್ಲ ಒಂದು ಹಾಳೆ ಕಮ್ಮಿಯಾದರೂ ಗಡಿಯಾರ ನಡೆಯುವುದೇ ಇಲ್ಲ.

ಹಂತ 8: ಕರಾರು ಮತ್ತು ಬ್ಯಾಂಕ್ ಗ್ಯಾರಂಟಿ

ತಾಂತ್ರಿಕ ಒಪ್ಪಿಗೆ ಸಿಕ್ಕಿತೆಂದರೆ ಅಗೆಯಬಹುದು ಎಂದಲ್ಲ, ಕರಾರಿಗೆ ಸಹಿ ಬೀಳಬೇಕು. ಎರಡೂ ಕಡೆಯ ವಕೀಲರು ಇಲ್ಲಿ ವಾರಗಳನ್ನು ತಿನ್ನುತ್ತಾರೆ. ಆದ್ದರಿಂದ ವಿನ್ಯಾಸ ಪರಿಶೀಲನೆ ನಡೆಯುತ್ತಿರುವಾಗಲೇ ಕರಡು ಕೇಳಿ ಪಡೆಯಿರಿ.

ಗ್ಯಾರಂಟಿ ಸಾಮಾನ್ಯವಾಗಿ ಕಾಮಗಾರಿಯ ಪೂರ್ತಿ ಅಂದಾಜು ವೆಚ್ಚದಷ್ಟಿರುತ್ತದೆ. ನೀವು ಅರ್ಧಕ್ಕೆ ಕೈಬಿಟ್ಟರೆ ಆ ಹಣದಲ್ಲಿ ಅವರು ಮುಗಿಸುತ್ತಾರೆ. ಯಾವ ಹಂತದಲ್ಲಿ ಎಷ್ಟು ಇಳಿಸುತ್ತಾರೆ ಎಂಬ ಸಾಲನ್ನು ಹುಡುಕಿ, ಇಲ್ಲದಿದ್ದರೆ ಸೇರಿಸಲು ಕೇಳಿ. ಹೊಸ ಸಿಗ್ನಲ್, ತಡೆಗೋಡೆಯಂಥವುಗಳ ಮುಂದಿನ ನಿರ್ವಹಣೆಗೆ ಮುಂಗಡವಾಗಿ ಒಂದು ಇಡಿಗಂಟು ಕೇಳುವ ಪದ್ಧತಿಯೂ ಇದೆ. ಅಲಂಕಾರದ ಕಲ್ಲುಹಾಸು, ವಿಶೇಷ ದೀಪ ಹಾಕಿದಷ್ಟೂ ಈ ಮೊತ್ತ ಏರುತ್ತದೆ. ಪ್ರಾಧಿಕಾರದ ಉಗ್ರಾಣದಲ್ಲಿ ಸಿಗುವ ಮಾಮೂಲು ಸಾಮಾನೇ ನಿಮಗೆ ಅಗ್ಗ.

ಹಂತ 9: ಅಗೆತ

ಕರಾರು ಆದರೂ ಲೇನ್ ಮುಚ್ಚಲು ಬೇರೆ ಅನುಮತಿ ಬೇಕು, ಅದಕ್ಕೆ ಮುಂಚಿತವಾಗಿ ದಿನ ಕಾಯ್ದಿರಿಸಬೇಕು. ಸಂಚಾರ ನಿಯಂತ್ರಣ ಯೋಜನೆಯಲ್ಲಿ ಮುನ್ನೆಚ್ಚರಿಕೆ ಫಲಕ, ಲೇನ್ ಕಿರಿದಾಗುವ ಓರೆಗೆರೆ, ಕೆಲಸದ ಜಾಗ, ಮತ್ತೆ ಬಿಚ್ಚಿಕೊಳ್ಳುವ ಭಾಗ, ನಾಲ್ಕನ್ನೂ ಅಳತೆ ಸಮೇತ ತೋರಿಸಿ. ಪಾದಚಾರಿಗಳನ್ನು ಮರೆಯುವುದೇ ಹೆಚ್ಚು. ಫುಟ್‌ಪಾತ್ ಅಗೆದಾಗ ಗಾಲಿಕುರ್ಚಿಯಲ್ಲಿ ಬರುವವರು ಎಲ್ಲಿ ಇಳಿದು, ಎಲ್ಲಿ ಹತ್ತಬೇಕು?

ಮಣ್ಣಿನ ತಳ ಸಿದ್ಧವಾದಾಗ, ಜಲ್ಲಿ ಪದರ ಕುಟ್ಟಿದ ಮೇಲೆ, ಡಾಂಬರು ಹಾಕುವ ಮುನ್ನ, ಹೀಗೆ ಕರಾರಿನಲ್ಲಿ ಹೇಳಿದ ಪ್ರತಿ ಘಟ್ಟದಲ್ಲೂ ಇನ್‌ಸ್ಪೆಕ್ಟರನ್ನು ಕರೆಸಿ ತೋರಿಸಿಯೇ ಮುಂದೆ ಹೋಗಿ. ಮುಚ್ಚಿದ ಮೇಲೆ ಕರೆದರೆ ತೆಗೆದು ತೋರಿಸಿ ಎನ್ನುತ್ತಾರೆ, ಹಾಗೆ ಹೇಳುವ ಹಕ್ಕು ಅವರಿಗಿದೆ. ಪ್ರತಿ ಪದರದ ಫೋಟೊ ತೆಗೆಯುವಾಗ ಅಳತೆಪಟ್ಟಿಯೂ ಚಿತ್ರದೊಳಗೆ ಬರಲಿ.

ಹಂತ 10: ಒಪ್ಪಿಸುವುದು

ಮುಗಿದಾಗ ಆಡಿಟರ್ ಹಗಲಲ್ಲಿ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಬರುತ್ತಾರೆ. ದೀಪ ಉರಿಯದ ದಿನ ಕರೆಸಬೇಡಿ. ಕಟ್ಟಿದ್ದು ಹೇಗಿದೆಯೋ ಹಾಗೆ ತಿದ್ದಿದ ಅಂತಿಮ ನಕ್ಷೆಗಳು, ಪರೀಕ್ಷಾ ವರದಿಗಳು, ಸೇವಾ ಸಂಸ್ಥೆಗಳ ಪತ್ರಗಳು ಸೇರಿದರೆ ಮೊದಲ ಪ್ರಮಾಣಪತ್ರ. ಅಲ್ಲಿಂದ ಸಾಮಾನ್ಯವಾಗಿ 12 ತಿಂಗಳು ದೋಷಗಳೆಲ್ಲ ನಿಮ್ಮವೇ.

ಆ ಅವಧಿ ಮುಗಿಯಲು ಒಂದೂವರೆ ತಿಂಗಳಿರುವಾಗ, ಜೋರು ಮಳೆ ನಿಂತ ಮರುಗಳಿಗೆ ನೀವೇ ಹೋಗಿ ನಡೆದು ನೋಡಿ. ನೀರು ನಿಂತ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಕುಸಿದ ಮ್ಯಾನ್‌ಹೋಲ್ ಮುಚ್ಚಳ, ಸಡಿಲಾದ ಕರ್ಬ್ ಕಲ್ಲು, ಮಾಸಿದ ಗೆರೆಗಳನ್ನು ಪಟ್ಟಿ ಮಾಡಿ ಸರಿಪಡಿಸಿ, ಆಮೇಲೆ ಅವರನ್ನು ಕರೆಯಿರಿ. ಅಂತಿಮ ಪ್ರಮಾಣಪತ್ರ ಕೈಗೆ ಬಂದ ದಿನವೇ ಗ್ಯಾರಂಟಿ ಬಿಡುಗಡೆಗೆ ಪ್ರತ್ಯೇಕ ಪತ್ರ ಬರೆಯಿರಿ. ಅದು ತಾನಾಗಿ ಬಿಡುಗಡೆಯಾಗುವುದಿಲ್ಲ, ಮೂಲ ಪ್ರತಿ ವಾಪಸ್ ಬರುವವರೆಗೂ ಬ್ಯಾಂಕ್ ತನ್ನ ಕಮಿಷನ್ ಹಿಡಿಯುತ್ತಲೇ ಇರುತ್ತದೆ.